ಕೇಳಿದ ಮೇಲೆ ಕಾಯಬೇಕು

ಅತಿಥಿಯನ್ನು ಎಲೆಯ ಮುಂದೆ ಕೂರಿಸಿ, "ಇನ್ನು ಸ್ವಲ್ಪ ಹುಳಿ ಬಡಿಸಲೆ?" ಎಂದು ಕೇಳಿ, ಅವರು ಬಾಯಿ ತೆರೆಯುವುದರೊಳಗಾಗಿ ಸೌಟನ್ನು ಬಗ್ಗಿಸಿಬಿಡುವವರನ್ನು ವಾಚಕರು ಕಂಡೇ ಇರುವರು. ಅವರು ಕೇಳಿದುದು ಸೌಜನ್ಯಕ್ಕಾಗಿ. ಉತ್ತರದ ಅಗತ್ಯ ಅವರಿಗೆ ಇರಲಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯವರೂ ಉಂಟು. ಅವರು ಅಡಿಗೆಯ ಮನೆಯ ಒಳಗಿನಿಂದಲೇ ಮೆಲ್ಲನೆ ಕೇಳಿ, ಕೇಳಿದುದು ಹೊರಗಿನವರ ಕಿವಿಗೆ ಬಿದ್ದಿತೊ ಇಲ್ಲವೊ ಎಂಬುದನ್ನು ನೋಡದೆ, ಉತ್ತರ ಬರಲಿಲ್ಲವೆಂದು ಸೌಟು ಹಿಡಿದು ನಿಂತೇ ಇರುತ್ತಾರೆ. ಎಲೆಯ ಮುಂದೆ ಕುಳಿತವರು ಬರಿಯ ಅನ್ನವನ್ನು ನೋಡುತ್ತ ಸುಮ್ಮನಿರಬೇಕಾಗುತ್ತದೆ.

ಕೇಳುವುದು ಬಹು ಸುಲಭವಾದ ಕೆಲಸವೆಂದು ನಾವು ಅರುವತ್ತು ವರ್ಷ ನಂಬಿದ್ದೆವು. ಒಂದು ಯಂತ್ರಕ್ಕೆ ಕೇಳುವುದನ್ನು ಕಲಿಸಲು ಹೊರಟು, ನಡುವೆ ಒಬ್ಬ ಬಾಲಿಕೆಗೆ ಅನ್ಯಾಯವನ್ನು ಮಾಡಿ, ಆ ಮೇಲೆ ಅದು ಸುಲಭವಲ್ಲವೆಂಬುದನ್ನು ತಿಳಿದುಕೊಂಡೆವು. ನಡೆದುದನ್ನು ನಡೆದಂತೆ ಇಲ್ಲಿ ಬರೆಯುತ್ತೇವೆ.

ನಾವು ಉದ್ಯೋಗದಿಂದ ನಿವೃತ್ತರಾಗಿ ಊರಿಗೆ ಬಂದು ನಾಲ್ಕು ವರ್ಷಗಳಾದುವು. ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದೇ ನಮ್ಮ ವೃತ್ತಿಯಾಗಿದ್ದಿತು. ಊರಿನ ಶಾಲೆಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಎಂಟು ಹಳೆಯ ಯಂತ್ರಗಳಿದ್ದುವು. ಅವು ತಮ್ಮಷ್ಟಕ್ಕೆ ತಾವು ಹೆಚ್ಚಿನ ಕೆಲಸವನ್ನು ಮಾಡಲಾರವು. ಆದುದರಿಂದ ಅವುಗಳನ್ನೆಲ್ಲ ತಂತಿಯ ಮೂಲಕ ಒಂದು ದೊಡ್ಡ ಯಂತ್ರಕ್ಕೆ ಸೇರಿಸಿ, ಲೆಕ್ಕವೆಲ್ಲ ಅದರಲ್ಲಿ ನಡೆದು, ಬರೆಹವು ಮಾತ್ರ ಈ ಎಂಟರಲ್ಲಿ ಕಾಣುವಂತೆ ಏರ್ಪಾಡು ಮಾಡಿದೆವು. ವಾರಕ್ಕೆ ಎರಡು ದಿನ ಏಳು ಎಂಟನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ನಾವಾಗಿಯೇ ವಹಿಸಿಕೊಂಡೆವು.

ಮಕ್ಕಳಿಗೆ ಲೆಕ್ಕವು ಬರುತ್ತಿದ್ದಿತು, ಯುಕ್ತಿಯು ಬರುತ್ತಿದ್ದಿತು, ಇಂಗ್ಲಿಷು ಮಾತ್ರ ಬರುತ್ತಿರಲಿಲ್ಲ. ಯಂತ್ರಕ್ಕೆ ಆಜ್ಞೆ ಕೊಡುವ ಪದಗಳೆಲ್ಲವೂ ಇಂಗ್ಲಿಷಿನವು. ಬಾಗಿಲಿಗೆ ಬಂದವರು ಹೊಸ್ತಿಲನ್ನೇ ಎಡವಿ ಹಿಂತಿರುಗುವಂತಾಗುತ್ತಿದ್ದಿತು. ಇದನ್ನು ನೋಡಿ, ಹೇಳು, ಕೇಳು, ಕೂಡು, ತನಕ ಎಂಬ ಬೆರಳೆಣಿಕೆಯ ಕನ್ನಡ ಪದಗಳಿಂದಲೇ ನಡೆಯುವ ಒಂದು ಚಿಕ್ಕ ಭಾಷೆಯನ್ನು ನಾವು ಕಟ್ಟಿದೆವು. ಮಕ್ಕಳು ಬರೆದುದನ್ನು ಸಾಲು ಸಾಲಾಗಿ ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡುವ ಪ್ರೋಗ್ರಾಮಿಗೆ ಇಂಟರ್‌ಪ್ರಿಟರ್ ಎಂದು ಹೆಸರು. ಹಿಂದೆ ಕಚೇರಿಗಳಲ್ಲಿ ದುಭಾಷಿ ಎಂಬವನೊಬ್ಬನಿರುತ್ತಿದ್ದನಷ್ಟೆ, ಅದೇ ಕೆಲಸ. ನಾವೂ ಅದನ್ನು ದುಭಾಷಿಯೆಂದೇ ಕರೆಯೋಣ.

ಈ ದುಭಾಷಿಯನ್ನು ನಾವು ಜ್ಯುಪಿಟರ್ ಎಂಬ ವ್ಯವಸ್ಥೆಗೆ ಸೇರಿಸಿದೆವು. 2001ರಲ್ಲಿ ಫರ್ನಾಂಡೊ ಪೆರೆಜ್ ಎಂಬವರು ಪೈಥಾನ್ ಭಾಷೆಗಾಗಿ ಆರಂಭಿಸಿದ ಒಂದು ಕೆಲಸವು ಬೆಳೆದು, 2014ರಲ್ಲಿ ಬೇರೆ ಬೇರೆ ಭಾಷೆಗಳಿಗೂ ತೆರೆದ ಮನೆಯಾಗಿ ಈ ಹೆಸರನ್ನು ಪಡೆಯಿತು. ಜೂಲಿಯ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರುಗಳು ಆ ಹೆಸರಿನಲ್ಲಿ ಅಡಗಿವೆ. ಅದರಲ್ಲಿ ಮಕ್ಕಳು ಬರೆಯುವ ಪುಟವು ಒಂದು ಕಡೆ, ಲೆಕ್ಕ ಮಾಡುವ ಕರ್ನಲ್ ಎಂಬ ತಿರುಳು ಇನ್ನೊಂದು ಕಡೆ. ಇವೆರಡರ ನಡುವೆ ಓಲೆಗಳು ಓಡಾಡುತ್ತವೆ. ಹೊಸ ಭಾಷೆಯನ್ನು ಸೇರಿಸಬೇಕೆನ್ನುವವರು ಪುಟವನ್ನು ಮುಟ್ಟಬೇಕಾಗಿಲ್ಲ; ಆ ಓಲೆಗಳಿಗೆ ಸರಿಯಾಗಿ ಉತ್ತರ ಕೊಡುವ ಒಂದು ತಿರುಳನ್ನು ಮಾಡಿಕೊಟ್ಟರೆ ಸಾಕು.

ಓಲೆಗಳಿಗೆ ಐದು ದಾರಿಗಳುಂಟು. ಒಂದರಲ್ಲಿ "ಇದನ್ನು ನಡೆಸು" ಎಂಬ ಆಜ್ಞೆಗಳು ಬರುತ್ತವೆ. ಇನ್ನೊಂದರಲ್ಲಿ "ನಿಲ್ಲಿಸು" ಎಂಬಂತಹ ಅವಸರದ ಮಾತುಗಳು. ಮೂರನೆಯದರಲ್ಲಿ ಲೆಕ್ಕದ ಫಲವು ಡಂಗುರದಂತೆ ಎಲ್ಲರಿಗೂ ಸಾರಲ್ಪಡುತ್ತದೆ. ನಾಲ್ಕನೆಯದು ನಾಡಿ; ತಿರುಳು ಬದುಕಿದೆಯೆ ಎಂದು ಆಗಾಗ ಹಿಡಿದು ನೋಡುವುದಕ್ಕೆ. ಐದನೆಯ ದಾರಿಯೇ ನಮ್ಮ ಕಥೆಯ ದಾರಿ. ಪ್ರೋಗ್ರಾಮು ನಡೆಯುತ್ತಿರುವಾಗ ನಡುವೆ ಏನನ್ನಾದರೂ ಕೇಳಬೇಕಾದರೆ, ಆ ಪ್ರಶ್ನೆಯು ಈ ದಾರಿಯಿಂದ ಹೋಗಿ, ಉತ್ತರವೂ ಇದೇ ದಾರಿಯಿಂದ ಬರಬೇಕು. ಫಲವು ಎಲ್ಲರಿಗೂ ಕಾಣುವುದಾದರೂ ಪ್ರಶ್ನೆಯು ಮಾತ್ರ, ಯಾರು ಪ್ರೋಗ್ರಾಮನ್ನು ನಡೆಸಿದರೊ ಅವರೊಬ್ಬರಿಗೇ ಹೋಗುತ್ತದೆ. ಕೇಳಿದುದು ಗುಟ್ಟಿನ ಸಂಗತಿಯಾದರೆ, ಬೆರಳಚ್ಚಿಸಿದುದು ತೆರೆಯ ಮೇಲೆ ಕಾಣದಂತೆ ಮುಚ್ಚಿಡಬೇಕೆಂದು ತಿಳಿಸುವ ಅನುಕೂಲವೂ ಅದರಲ್ಲಿದೆ. ಮರ್ಯಾದೆಯನ್ನು ತಿಳಿದವರು ಮಾಡಿದ ಏರ್ಪಾಡು ಎಂದು ನಮಗೆ ಆಗಲೇ ತೋರಿತು. ತೋರಿದುದು ಬೇರೆ, ಅದರಂತೆ ನಡೆದುಕೊಂಡುದು ಬೇರೆ.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮಾತು ಕಡಮೆ. ಅವಳ ತಾಯಿ ಒಂದು ಹಸುವನ್ನು ಕಟ್ಟಿ, ಡೈರಿಗೆ ಹಾಲು ಹಾಕಿ ಸಂಸಾರವನ್ನು ತೂಗಿಸುತ್ತಿದ್ದಳು. ಓದು ಬಾರದ ಆಕೆಯು ಹಾಲಿನ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಮಸಿಯ ಗೆರೆಗಳಿಂದ ಇಟ್ಟುಕೊಂಡಿದ್ದಳು. ಮಗಳು ನಮ್ಮ ಭಾಷೆಯಲ್ಲಿ ಆ ಲೆಕ್ಕವನ್ನೇ ಬರೆಯಲು ಹೊರಟಳು. ಯಂತ್ರವು ಹಸುವಿನ ಹೆಸರನ್ನು ಕೇಳಬೇಕು. ಬೆಳಗಿನ ಹಾಲನ್ನು ಕೇಳಬೇಕು. ಸಂಜೆಯ ಹಾಲನ್ನು ಕೇಳಬೇಕು. ಎರಡನ್ನೂ ಕೂಡಿ ಹೇಳಬೇಕು. ಅಂಕಿಗಳನ್ನು ಬಲ್ಲ ತಾಯಿಯೇ ಅದರ ಮುಂದೆ ಕುಳಿತು ಉತ್ತರ ಕೊಡಬೇಕೆಂಬುದು ಅವಳ ಆಸೆ. ಅದುವರೆಗೆ ಮಕ್ಕಳು ಹೇಳು ಎಂಬ ಪದವನ್ನು ಮಾತ್ರ ಬಳಸುತ್ತಿದ್ದರು. ಅವಳಿಗಾಗಿಯೇ ನಾವು ಕೇಳು ಎಂಬ ಪದವನ್ನು ಸಿದ್ಧಪಡಿಸಿ, ನಮ್ಮ ಮನೆಯಲ್ಲಿ ಪರೀಕ್ಷಿಸಿ, ಸರಿಯಾಗಿದೆಯೆಂದು ತೃಪ್ತರಾಗಿ, ಶಾಲೆಯ ಯಂತ್ರದಲ್ಲಿ ಇರಿಸಿ ಬಂದೆವು.

ಶಾಲೆಯ ವಸ್ತುಪ್ರದರ್ಶನದ ದಿನ ತಾಯಂದಿರು ಬಂದಿದ್ದರು. ಮುಖ್ಯೋಪಾಧ್ಯಾಯರೂ ಊರಿನ ಹಿರಿಯರು ನಾಲ್ವರೂ ಸುತ್ತ ನಿಂತಿದ್ದರು. ಹುಡುಗಿಯು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಪ್ರೋಗ್ರಾಮನ್ನು ನಡೆಸಿದಳು. ತೆರೆಯ ಮೇಲೆ ಏನೂ ಬರಲಿಲ್ಲ. ಅಂಚಿನ ಪುಟ್ಟ ಕಂಸದೊಳಗೆ ಒಂದು ನಕ್ಷತ್ರದ ಗುರುತು ಮಾತ್ರ ಕಂಡಿತು. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಅದು ಚಿಹ್ನೆ. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು.

"ಏನೂ ಕೇಳ್ತಾನೇ ಇಲ್ವಲ್ಲ ಮಗ, ಇದು?" ಎಂದಳು ತಾಯಿ.

"ತಡಿ ಅವ್ವ," ಎಂದಳು ಹುಡುಗಿ. ಅವಳ ಕಿವಿಗಳು ಕೆಂಪಾಗಿದ್ದುವು.

ನಮಗೆ ಮುಖಭಂಗವಾದಂತೆ ತೋರಿತು. ಮನೆಯಲ್ಲಿ ನಾವೇ ಪರೀಕ್ಷಿಸಿ ನೋಡಿದ್ದೆವಲ್ಲವೆ? ಅವಳು ಬರೆದುದನ್ನು ಓದುವ ತಾಳ್ಮೆಯನ್ನೂ ತೋರದೆ, "ನೀನೇ ಎಲ್ಲಿಯೋ ತಪ್ಪು ಬರೆದಿದ್ದೀಯೆ. ಇಷ್ಟು ಜನರನ್ನು ಕರೆಯುವ ಮೊದಲು ಸರಿಯಾಗಿ ನೋಡಿಕೊಳ್ಳಬಾರದೆ?" ಎಂದುಬಿಟ್ಟೆವು. ಎಲ್ಲರ ಮುಂದೆಯೂ ಅಂದೆವು. ಅವಳು ಏನೂ ಹೇಳಲಿಲ್ಲ. ತಾಯಿಯು ಸೆರಗಿನಿಂದ ಕುರ್ಚಿಯನ್ನು ಒರಸಿ ಎದ್ದು ಹೋದಳು. ಕುರ್ಚಿಯಲ್ಲಿ ಕೊಳೆಯೇನೂ ಇರಲಿಲ್ಲ.

ಮುಂದಿನ ಎರಡು ಪಾಠಗಳಿಗೆ ಹುಡುಗಿ ಬರಲಿಲ್ಲ.

ಒಂದು ರಾತ್ರಿ ನಾವು ಊಟಕ್ಕೆ ಕುಳಿತಿದ್ದೆವು. ನಮ್ಮ ಮನೆಯವರು ಒಳಗಿನಿಂದ ಬಂದು ಮುಂದೆ ನಿಂತು, "ಮೂರು ಸಲ ಕೇಳಿದೆ. ಮಜ್ಜಿಗೆ ಬೇಕೊ ಬೇಡವೊ ಹೇಳಬಾರದೆ?" ಎಂದರು. ನಮಗೆ ಒಂದು ಸಲವೂ ಕೇಳಿಸಿರಲಿಲ್ಲ. ಒಲೆಯ ಮೇಲಿನ ಕುಕ್ಕರಿನ ಸದ್ದಿನಲ್ಲಿ ಆಕೆಯ ಮಾತು ಅಡಿಗೆಯ ಮನೆಯಿಂದ ಹೊರಗೇ ಬಂದಿರಲಿಲ್ಲ. ಹಾಗೆಂದು ಹೇಳಿದೆವು. ಹೇಳುತ್ತಿರುವಂತೆಯೇ ಕೈ ಎಲೆಯ ಮೇಲೆ ನಿಂತಿತು. ಪ್ರಶ್ನೆಯು ಕೇಳಲ್ಪಟ್ಟಿದೆ, ಆದರೆ ಹೊರಗೆ ಬಂದಿಲ್ಲ! ಮಜ್ಜಿಗೆಯನ್ನು ಮರೆತು ಕೈ ತೊಳೆದುಕೊಂಡು ಎದ್ದೆವು.

ನಡೆದಿದ್ದುದು ಇಷ್ಟು. ಪ್ರೋಗ್ರಾಮು ಬರೆದ ಪ್ರತಿಯೊಂದು ಅಕ್ಷರವನ್ನೂ ಯಂತ್ರವು ಒಡನೆಯೇ ಹೊರಗೆ ಕಳುಹಿಸುವುದಿಲ್ಲ. ಹೊಲದಿಂದ ಒಂದೊಂದೇ ಕಾಯಿಯನ್ನು ಹೊತ್ತು ತರದೆ ಬುಟ್ಟಿ ತುಂಬಿದ ಮೇಲೆ ತರುವಂತೆ, ಬಫರು ಎಂಬ ಒಂದು ಬುಟ್ಟಿಯಲ್ಲಿ ಸೇರಿಸಿಟ್ಟು ಒಟ್ಟಿಗೆ ಕಳುಹಿಸುತ್ತದೆ. ನಾವು ದುಭಾಷಿಯನ್ನು ಬರೆದ ಸಿ ಭಾಷೆಯಲ್ಲಿ ಇದಕ್ಕೊಂದು ಪದ್ಧತಿಯುಂಟು. ಎದುರಿಗೆ ಮನುಷ್ಯನು ಕುಳಿತ ತೆರೆಯಿದ್ದರೆ ಬುಟ್ಟಿಯನ್ನು ಸಾಲು ಸಾಲಿಗೂ ಬರಿದುಮಾಡುತ್ತದೆ. ಉತ್ತರಕ್ಕಾಗಿ ಕಾಯುವ ಮೊದಲು ಉಳಿದುದನ್ನೂ ಕಳುಹಿಸಿಬಿಡುತ್ತದೆ. ಎದುರಿಗೆ ಇನ್ನೊಂದು ಪ್ರೋಗ್ರಾಮಿಗೆ ಹೋಗುವ ಕೊಳವೆಯಿದ್ದರೆ, ಅವಸರವೇನೂ ಇಲ್ಲವೆಂದು ಬುಟ್ಟಿ ತುಂಬುವ ತನಕ ಇಟ್ಟುಕೊಳ್ಳುತ್ತದೆ. ಮನೆಯಲ್ಲಿ ನಾವು ತೆರೆಯ ಮುಂದೆ ಕುಳಿತು ಪರೀಕ್ಷಿಸಿದ್ದೆವು. ಶಾಲೆಯಲ್ಲಿ ದುಭಾಷಿಯು ಕೊಳವೆಯ ಮೂಲಕ ಜ್ಯುಪಿಟರಿಗೆ ಸೇರಿದ್ದಿತು. "ಹಸುವಿನ ಹೆಸರೇನು?" ಎಂಬ ಪ್ರಶ್ನೆಯು ಬುಟ್ಟಿಯ ತಳದಲ್ಲಿ ಬಿದ್ದಿದ್ದಿತು. ಕೇಳಿದೆನೆಂದು ದುಭಾಷಿಯು ಕಾಯುತ್ತಿದ್ದಿತು. ಕೇಳುವುದೆಂದು ತಾಯಿಯು ಕಾಯುತ್ತಿದ್ದಳು. ಇಬ್ಬರಲ್ಲಿ ಯಾರ ತಪ್ಪೂ ಇರಲಿಲ್ಲ. ತಪ್ಪು ನಡುವೆ ಕೊಳವೆಯನ್ನು ಜೋಡಿಸಿದವರದು. ಪ್ರಶ್ನೆಯನ್ನು ಬರೆದೊಡನೆ "ಬುಟ್ಟಿಯನ್ನು ಬರಿದುಮಾಡು" ಎಂಬ ಒಂದು ಸಾಲನ್ನು ನಾವು ಬರೆಯಬೇಕಾಗಿದ್ದಿತು, ಬರೆದಿರಲಿಲ್ಲ.

ಮಾರನೆಯ ಬೆಳಗ್ಗೆ ಹುಡುಗಿಯ ಮನೆಗೆ ಹೋದೆವು. ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು.

"ತಪ್ಪು ನಿನ್ನದಲ್ಲ, ಮಗು," ಎಂದೆವು. ಬುಟ್ಟಿಯ ಸಂಗತಿಯನ್ನೂ ವಿವರಿಸಿದೆವು.

ಅವಳು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, "ಹಿಂದಿನ ದಿನವೂ ಹೀಗೇ ಆಗಿತ್ತು ಮೇಷ್ಟ್ರೇ. ಆರು ಸಲ ಬರೆದು ನೋಡಿದೆ. ಆರು ಸಲವೂ ಸರಿಯಾಗಿಯೇ ಇತ್ತು," ಎಂದಳು.

"ಹಾಗಾದರೆ ಹೇಳಬಾರದಾಗಿತ್ತೆ?"

"ನೀವು ಕೇಳಲಿಲ್ಲ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಹಾಲಿನ ಕ್ಯಾನನ್ನು ತೊಳೆಯುತ್ತಿದ್ದ ತಾಯಿಯು ತಲೆಯೆತ್ತಿ, "ಬಯ್ದದ್ದು ಎಲ್ಲರ ಮುಂದೆ, ಒಪ್ಪಿಕೊಳ್ಳೋದು ಕೊಟ್ಟಿಗೇಲಿ. ಇದು ಯಾವ ನ್ಯಾಯ ಮೇಷ್ಟ್ರೇ?" ಎಂದಳು. ಆಕೆಯ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಂತಿದ್ದಿತು.

ಸೋಮವಾರ ಮುಖ್ಯೋಪಾಧ್ಯಾಯರನ್ನೂ ಬರಹೇಳಿ, ಇಡೀ ತರಗತಿಯ ಮುಂದೆ ತಪ್ಪು ನಮ್ಮದೆಂದು ಹೇಳಿದೆವು. ಯಾವ ಸಾಲನ್ನು ಬರೆಯದೆ ಬಿಟ್ಟಿದ್ದೆವೆಂಬುದನ್ನು ಹಲಗೆಯ ಮೇಲೆ ಬರೆದು ತೋರಿಸಿದೆವು. ಹೀಗೆ ಹೇಳುವಾಗ ನಾಲಗೆಯು ಒಣಗಿತೆಂಬುದನ್ನು ಮರೆಮಾಡುವುದಿಲ್ಲ. ಆದರೆ ಅದರಿಂದ ಒಂದು ಅನುಕೂಲವಾಯಿತು. ಮೇಷ್ಟ್ರ ಕೆಲಸದಲ್ಲಿಯೂ ತಪ್ಪಿರಬಹುದೆಂಬುದು ಮಕ್ಕಳಿಗೆ ಗೊತ್ತಾದುದರಿಂದ, ಅಂದಿನಿಂದ ಅವರು ತಪ್ಪುಗಳನ್ನು ಹುಡುಕಿ ತಂದು ಕೊಡಲಾರಂಭಿಸಿದರು. ನಮ್ಮ ಕೇಳು ಎಂಬ ಪದವು ಸರಿಹೋದುದು ಅವರ ಕೈಯಲ್ಲಿಯೇ.

ಮೊದಲನೆಯದನ್ನು ತಂದವನು ಒಬ್ಬ ತುಂಟ ಹುಡುಗ. ದುಭಾಷಿಯು ಉತ್ತರಕ್ಕಾಗಿ ಕಾಯುತ್ತಿದೆ ಎಂಬುದು ಜ್ಯುಪಿಟರಿಗೆ ತಿಳಿಯಬೇಕಷ್ಟೆ. ಅದಕ್ಕೆ ನಾವು, ಹೊರಗೆ ಬಂದ ಬರೆಹವು ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಗಿದರೆ ಅದು ಪ್ರಶ್ನೆಯೆಂದು ತಿಳಿದು ಉತ್ತರದ ಪೆಟ್ಟಿಗೆಯನ್ನು ತೆರೆಯುವಂತೆ ಮಾಡಿದ್ದೆವು. ಆ ಹುಡುಗನು ಕೇಳು ಎನ್ನದೆ ಹೇಳು ಎಂಬ ಪದದಿಂದಲೇ "ಏನಯ್ಯ, ಊಟವಾಯಿತೆ?" ಎಂದು ಬರೆಯಿಸಿದನು. ಯಂತ್ರವು ಬಿನ್ನವತ್ತಳೆಯಂತೆ ಪೆಟ್ಟಿಗೆಯನ್ನು ತೆರೆದು ಕಾದಿತು. ಎಲ್ಲರೂ ನಕ್ಕರು. ಪ್ರಶ್ನೆಯಂತೆ ಕಾಣುವುದೆಲ್ಲ ಪ್ರಶ್ನೆಯಲ್ಲ. ಬೀದಿಯಲ್ಲಿ ಎದುರಾದವರು ಊಟವಾಯಿತೆ ಎಂದರೆ ನಾವು ನಿಂತು ಪಲ್ಯದ ವಿವರವನ್ನು ಕೊಡುವುದಿಲ್ಲವಷ್ಟೆ. ಊಹೆಯಿಂದ ಕೆಲಸ ನಡೆಯದು. ಕೇಳುವವನೇ "ಈಗ ಕೇಳುತ್ತಿದ್ದೇನೆ" ಎಂದು ಸ್ಪಷ್ಟವಾಗಿ ತಿಳಿಸಬೇಕು. ಆದುದರಿಂದ ಫಲಕ್ಕೆ ಒಂದು ಕೊಳವೆ, ಪ್ರಶ್ನೆಗೆ ಇನ್ನೊಂದು ಕೊಳವೆ ಎಂದು ಬೇರೆ ಮಾಡಿದೆವು. ಜ್ಯುಪಿಟರಿನವರು ಪ್ರಶ್ನೆಗೆಂದೇ ಒಂದು ದಾರಿಯನ್ನು ಏತಕ್ಕೆ ಇಟ್ಟರೆಂಬುದು ಆಗ ತಿಳಿಯಿತು.

ಎರಡನೆಯದನ್ನು ತಂದವಳು ನಮ್ಮ ಹುಡುಗಿಯೇ. ಅವರ ಹಸುವಿನ ಹೆಸರು ಭಾಗೀರಥಿ. ಅವಳು ಹೆಸರನ್ನು ಕೊಟ್ಟು, ಬೆಳಗಿನ ಹಾಲು 4.5 ಲೀಟರು, ಸಂಜೆಯದು 3.5 ಲೀಟರು ಎಂದು ಉತ್ತರಿಸಿದಳು. ಯಂತ್ರವು "ಭಾಗೀರ ಇಂದು 4.5 ಲೀಟರು" ಎಂದು ಹೇಳಿತು. ಎಂಟು ಲೀಟರು ಎಲ್ಲಿ ಹೋಯಿತು? ಥಿಕಾರವು ಎಲ್ಲಿ ಹೋಯಿತು?

ಉತ್ತರಕ್ಕಾಗಿ ನಾವು 16 ಬೈಟುಗಳ ಸ್ಥಳವನ್ನು ಇಟ್ಟಿದ್ದೆವು. ಕೊನೆಯ ಗುರುತಿಗೆ ಒಂದು ಹೋದರೆ 15 ಉಳಿಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾದುದರಿಂದ, ಹದಿನೈದಕ್ಷರಕ್ಕಿಂತ ಉದ್ದದ ಹೆಸರು ಯಾವ ಹಸುವಿಗಿದ್ದೀತು ಎಂದುಕೊಂಡಿದ್ದೆವು. ಕನ್ನಡಕ್ಕಾಗಿಯೇ ಭಾಷೆಯನ್ನು ಕಟ್ಟಿದ ನಾವು ಸ್ಥಳವನ್ನು ಅಳೆದುದು ಇಂಗ್ಲಿಷಿನ ಗಜಕಡ್ಡಿಯಿಂದ! ಯೂನಿಕೋಡಿನ ಕನ್ನಡ ಬರೆಹವನ್ನು ಯಂತ್ರಗಳು ಸಾಮಾನ್ಯವಾಗಿ ಇಡುವ ಕ್ರಮದಲ್ಲಿ ಒಂದೊಂದು ಗುರುತಿಗೆ 3 ಬೈಟು ಬೇಕು. ಸ್ವರಚಿಹ್ನೆಗಳಿಗೂ ಪ್ರತ್ಯೇಕವಾಗಿ ಮೂರು ಮೂರು. ಭಾಗೀರಥಿಯಲ್ಲಿ ಭ, ಅದರ ದೀರ್ಘ, ಗ, ಅದರ ದೀರ್ಘ, ರ, ಥ, ಅದರ ಗುಡಿಸು ಎಂದು 7 ಗುರುತುಗಳಿವೆ, 21 ಬೈಟು. ಹದಿನೈದರಲ್ಲಿ ಹಿಡಿದುದು ಭಾಗೀರ ಎಂಬಷ್ಟು. ಉಳಿದ ಥಿಕಾರವು ಕಾಣೆಯಾಗಲಿಲ್ಲ. ಬಾಗಿಲಲ್ಲಿಯೇ ನಿಂತಿದ್ದು, ಮುಂದಿನ ಪ್ರಶ್ನೆಗೆ ತಾನೇ ಉತ್ತರವಾಗಿ ಒಳಹೊಕ್ಕಿತು. ಥಿ ಎಂಬುದು ಅಂಕಿಯಲ್ಲವಾದ ಕಾರಣ ಬೆಳಗಿನ ಹಾಲು ಸೊನ್ನೆಯಾಯಿತು, ಬೆಳಗಿನ 4.5 ಸಂಜೆಯದಾಯಿತು, ಸಂಜೆಯ 3.5 ಕೇಳುವವರಿಲ್ಲದೆ ಉಳಿಯಿತು. ಒಂದು ಉತ್ತರದ ಬಾಲವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳದೆ ಹೋದರೆ ಅದರ ಮುಂದಿನ ಎಲ್ಲ ಉತ್ತರಗಳೂ ತಪ್ಪಾಗುತ್ತವೆ.

ಸುದ್ದಿಯನ್ನು ಕೇಳಿದ ತಾಯಿಯು, "ಹಸೀನ ಬಾಲಾನೇ ಕತ್ತರಿಸಿಬಿಟ್ಟಿರಲ್ಲ ಮೇಷ್ಟ್ರೇ!" ಎಂದು ನಕ್ಕಳಂತೆ. ಸಾಲು ಎಷ್ಟೇ ಉದ್ದವಿದ್ದರೂ ಕೊನೆಯ ತನಕ ಓದುವಂತೆ ತಿದ್ದಿದೆವು. ಅಂಕಿಯಲ್ಲದುದನ್ನು ಸೊನ್ನೆಯೆಂದು ನುಂಗದೆ, "ಇದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಕೇಳುವಂತೆಯೂ ಮಾಡಿದೆವು.

ಮೂರನೆಯದೇ ದೊಡ್ಡದು. ಎಂಟು ಯಂತ್ರಗಳಲ್ಲಿಯೂ ಮಕ್ಕಳು ಒಂದೇ ಪುಟವನ್ನು ತೆರೆದು ಬರೆಯುತ್ತಿದ್ದರು. ಆದುದರಿಂದ ಎಲ್ಲರಿಗೂ ಒಂದೇ ತಿರುಳು, ಒಬ್ಬನೇ ದುಭಾಷಿ. ಸ್ಥಳದ ಉಳಿತಾಯವೆಂದು ನಾವು ಅದಕ್ಕೆ ಒಪ್ಪಿದ್ದೆವು. ಒಂದು ಸಂಜೆ ಒಬ್ಬ ಹುಡುಗನು ಕೇಳು ಎಂಬ ಪದವಿದ್ದ ಪ್ರೋಗ್ರಾಮನ್ನು ನಡೆಸಿ, ಬಸ್ಸಿಗೆ ಹೊತ್ತಾಯಿತೆಂದು ಪುಟವನ್ನು ಮುಚ್ಚಿ ಓಡಿದನು. ಉಳಿದ ಏಳು ಮಂದಿಯ ಮುಂದೆಯೂ ನಕ್ಷತ್ರದ ಗುರುತೇ ನಿಂತಿತು. ಪ್ರಶ್ನೆಯು ಬಸ್ಸಿಗೆ ಹೋದವನಿಗೆ ಮಾತ್ರ ಕಾಣತಕ್ಕದ್ದು, ಅವನಿಲ್ಲ. ಅವನ ಉತ್ತರ ಬಾರದೆ ತಿರುಳು ಬೇರೆಯವರ ಕೆಲಸಕ್ಕೆ ಕೈಹಾಕದು. ಪಂಕ್ತಿಯಲ್ಲಿ ಬಡಿಸುವವನು ಎದ್ದುಹೋದವನ ಎಲೆಯ ಮುಂದೆ ನಿಂತು, "ಪಾಯಸ ಬೇಕೆ, ಪಾಯಸ ಬೇಕೆ" ಎನ್ನುತ್ತಿದ್ದಂತೆ ಆಯಿತು.

ಇದು ಹೊಸ ತೊಡಕೇನೂ ಅಲ್ಲ. ಹಿಂದೆ ಯಂತ್ರಗಳಿಗೆ ಬೇಕಾದುದೆಲ್ಲವನ್ನೂ ರಂಧ್ರ ಹೊಡೆದ ಕಾರ್ಡುಗಳಲ್ಲಿ ಮೊದಲೇ ಬರೆದು ಒಪ್ಪಿಸಬೇಕಾಗಿದ್ದಿತು. ನಡುವೆ ಕೇಳುವ ಮಾತೇ ಇರಲಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಕೊರ್ಬಾಟೊ ಎಂಬವರೂ ಅವರ ಜೊತೆಯವರೂ 1961ರಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಬಗೆಯನ್ನು ಮಾಡಿ ತೋರಿಸಿದರು. ಅದರ ಯುಕ್ತಿಯೆಂದರೆ, ಒಬ್ಬನು ಯೋಚಿಸುತ್ತಿರುವಾಗ ಯಂತ್ರವು ಅವನ ಮುಂದೆ ನಿಂತಿರದೆ ಇನ್ನೊಬ್ಬನ ಕೆಲಸವನ್ನು ನೋಡಿ, ಅವನು ಬಾಯಿಬಿಟ್ಟೊಡನೆ ತಿರುಗಿ ಬರುವುದು. ಒಳ್ಳೆಯ ಗೃಹಿಣಿಯು ಪಂಕ್ತಿಯನ್ನು ನೋಡಿಕೊಳ್ಳುವುದು ಹೀಗೆಯೇ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಸ್ ಎಂಬ ಅಧ್ಯಾಪಕರಿಬ್ಬರು ವಿದ್ಯಾರ್ಥಿಗಳಿಗಾಗಿ ಬೇಸಿಕ್ ಎಂಬ ಸುಲಭವಾದ ಭಾಷೆಯನ್ನು ಆರಂಭಿಸಿದರು. ಅದರಲ್ಲಿಯೂ ಮೊದಲಿಗೆ ಕೇಳುವ ಪದವಿರಲಿಲ್ಲ. ಬೇಕಾದ ಅಂಕಿಗಳನ್ನು ಪ್ರೋಗ್ರಾಮಿನೊಳಗೇ ಬರೆದಿಡಬೇಕಾಗಿದ್ದಿತು. ಇನ್‌ಪುಟ್ ಎಂಬ ಪದವು ಸೇರಿದುದು 1966ರ ಮೂರನೆಯ ಆವೃತ್ತಿಯಲ್ಲಿ. ಬಲ್ಲವರೇ ಕೇಳುವುದನ್ನು ಕಡೆಗೆ ಸೇರಿಸಿದರೆಂಬುದನ್ನು ನೆನೆದು ನಮಗೆ ಸ್ವಲ್ಪ ಸಮಾಧಾನವಾಯಿತು.

ಕೊನೆಗೆ ನಾವು ಮಾಡಿದ ಏರ್ಪಾಡು ಹೀಗೆ. ಪ್ರತಿಯೊಂದು ಮಗುವಿಗೂ ಬೇರೆ ಪುಟ, ಬೇರೆ ದುಭಾಷಿ. ಒಬ್ಬರು ಎಷ್ಟು ಹೊತ್ತು ಯೋಚಿಸಿದರೂ ಇನ್ನೊಬ್ಬರಿಗೆ ತೊಂದರೆಯಿಲ್ಲ. ಕಾಯುತ್ತಿರುವಾಗಲೂ "ನಿಲ್ಲಿಸು" ಎಂಬ ಆಜ್ಞೆಯು ಬಂದರೆ, ಉತ್ತರಕ್ಕಾಗಿ ಹಟ ಹಿಡಿಯದೆ ನಿಲ್ಲಬೇಕು. ಯಾರೂ ಎದುರಿಗಿಲ್ಲದೆ ಪುಟವು ತಾನಾಗಿಯೇ ನಡೆಯುವ ಸಂದರ್ಭಗಳೂ ಉಂಟು. ಆಗ ಪ್ರೋಗ್ರಾಮನ್ನು ನಡೆಸೆನ್ನುವ ಓಲೆಯಲ್ಲಿಯೇ "ಇಲ್ಲಿ ಉತ್ತರ ಕೊಡುವವರಿಲ್ಲ" ಎಂದು ಬರೆದು ತಿಳಿಸಿರುತ್ತಾರೆ. ಅದನ್ನು ಓದಿದ ಮೇಲೆ ಕೇಳಿ ಕಾಯಬಾರದು. ಉತ್ತರವನ್ನು ತಾನೇ ಕಲ್ಪಿಸಿಕೊಳ್ಳಲೂ ಬಾರದು. ಕೇಳಲು ಯಾರೂ ಇಲ್ಲವೆಂದು ಹೇಳಿ ನಿಲ್ಲಬೇಕು. ಎದುರಿನವರು ಬರಿದಾದ ಉತ್ತರವನ್ನು ಕೊಡುವುದು ಬೇರೆ, ಎದುರಿನಲ್ಲಿ ಯಾರೂ ಇಲ್ಲದಿರುವುದು ಬೇರೆ. ಮೌನವೆಂದು ಎರಡನ್ನೂ ಒಂದಾಗಿ ಎಣಿಸಿದ ದುಭಾಷಿಯು, ಮುಚ್ಚಿದ ಬಾಗಿಲಿನ ಮುಂದೆ ನಿಂತು ಎಂದೆಂದಿಗೂ ಕೇಳುತ್ತಲೇ ಇರುತ್ತದೆ.

ಮುಂದಿನ ತಾಯಂದಿರ ಸಭೆಯ ದಿನ ಆಕೆಯು ಬರುವಳೊ ಇಲ್ಲವೊ ಎಂದು ನಮಗೆ ಸಂದೇಹವಿದ್ದಿತು. ಬಂದಳು. ಅದೇ ಕುರ್ಚಿಯಲ್ಲಿ ಕುಳಿತಳು. ಸುತ್ತ ಅವರೇ ಹಿರಿಯರು ನಿಂತಿದ್ದರು. ಹುಡುಗಿಯು ಪ್ರೋಗ್ರಾಮನ್ನು ನಡೆಸಿದೊಡನೆ "ಹಸುವಿನ ಹೆಸರೇನು?" ಎಂಬ ಸಾಲು ತೆರೆಯ ಮೇಲೆ ಬಂದಿತು. ಮಗಳು ಓದಿ ಹೇಳಿ, ಹೆಸರನ್ನು ತಾನೇ ಬರೆದಳು. ಅನಂತರ ಯಂತ್ರವು ಬೆಳಗಿನ ಹಾಲನ್ನು ಕೇಳಿತು.

ತಾಯಿಯು ಒಡನೆಯೇ ಉತ್ತರಿಸಲಿಲ್ಲ. ಬೆಳಗ್ಗೆ ಕರು ಹಗ್ಗ ಬಿಚ್ಚಿಕೊಂಡು ಸ್ವಲ್ಪ ಕುಡಿದುಬಿಟ್ಟಿದ್ದಿತಂತೆ. ಡೈರಿಗೆ ಹಾಕಿದುದೆಷ್ಟು, ಮನೆಗೆ ಉಳಿಸಿಕೊಂಡುದೆಷ್ಟು ಎಂದು ಬೆರಳು ಮಡಿಸಿ ಎಣಿಸತೊಡಗಿದಳು. ಸುತ್ತಲಿನವರು ಕೆಮ್ಮಿದರು. ನಮ್ಮ ನಾಲಗೆಯ ತುದಿಗೆ "ಸುಮಾರಾಗಿ ಇಷ್ಟು ಹಾಕಮ್ಮ" ಎಂಬ ಮಾತು ಬಂದಿತು. ಹುಡುಗಿಯು ನಮ್ಮ ಕಡೆ ನೋಡಿದಳು. ನಾವು ಸುಮ್ಮನಾದೆವು. ಯಂತ್ರವೂ ಸುಮ್ಮನಿದ್ದಿತು. ಪಕ್ಕದ ಯಂತ್ರಗಳಲ್ಲಿ ಬೇರೆ ಮಕ್ಕಳ ಲೆಕ್ಕಗಳು ಓಡುತ್ತಿದ್ದುವು. ಎರಡು ಮೂರು ನಿಮಿಷಗಳ ಮೇಲೆ ಆಕೆಯು ಒಂದೊಂದೇ ಬೆರಳಿನಿಂದ ಅಂಕಿಗಳನ್ನು ಒತ್ತಿದಳು, ಸಂಜೆಯದನ್ನೂ ಒತ್ತಿದಳು. ಭಾಗೀರಥಿಯ ಪೂರ್ತಿ ಹೆಸರಿನೊಡನೆ ಮೊತ್ತವು ಬಂದಿತು. ಮಗಳು ಓದಿ ಹೇಳಿದಳು. ತಾಯಿಯು ಮನಸ್ಸಿನಲ್ಲಿಯೇ ಇನ್ನೊಮ್ಮೆ ಕೂಡಿ ನೋಡಿ, "ಸರಿಯಾಗದೆ," ಎಂದು ಎದ್ದಳು. ಈ ಸಲ ಕುರ್ಚಿಯನ್ನು ಒರಸಲಿಲ್ಲ.

ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ನಮ್ಮ ಹಿರಿಯರು ಕೇಳು ಎಂಬ ಒಂದೇ ಮಾತನ್ನು ಇಟ್ಟರು. ಹುಟ್ಟಿದಂದಿನಿಂದ ಆಡುತ್ತಿರುವ ಮಾತಾದರೂ, ಅದರ ಒಂದರ್ಧವನ್ನು ಮಾತ್ರ ನಾವು ಬಳಸುತ್ತ ಬಂದಿದ್ದೆವೆಂದು ಈಗ ತೋರುತ್ತದೆ. ಮನೆಯಲ್ಲಿ ಮಕ್ಕಳನ್ನು, ಸೊಸೆಯಂದಿರನ್ನು, ವಯಸ್ಸಾದವರನ್ನು ದಿನಕ್ಕೆ ಎಷ್ಟೋ ಸಲ ಏನನ್ನೋ ಕೇಳುತ್ತೇವೆ. ಕೇಳಿದುದು ಅವರ ತನಕ ಮುಟ್ಟಿತೆ? ಉತ್ತರದ ಬಾಲದವರೆಗೂ ನಿಂತೆವೆ? ಅವರು ಎಣಿಸುತ್ತಿರುವಾಗ ನಾವೇ ಅಂಕಿಯನ್ನು ಹೇಳಿಬಿಟ್ಟೆವೆ?

ನಿನ್ನೆ ರಾತ್ರಿ ನಮ್ಮ ಮನೆಯವರು ಮಜ್ಜಿಗೆಯ ಪಾತ್ರೆಯನ್ನು ಹಿಡಿದು, ಒಲೆಯನ್ನು ಆರಿಸಿ, ಎದುರಿಗೇ ಬಂದು ನಿಂತು ಕೇಳಿದರು. ನಾವೂ ತಲೆಯೆತ್ತಿ ನೋಡಿ, ಬೇಕೆಂದು ಹೇಳಿದೆವು.